ಈಜಿಪ್ಟಿಗೆ ಹೋದ ದಿನ

ಮೂರನೆಯ ಬಿಂದಿಗೆ ಇನ್ನೇನು ಕತ್ತಿನವರೆಗೆ ತುಂಬಬೇಕು, ಅಷ್ಟರಲ್ಲಿ ಅಂಬಿಕ ಬಂದು ಪಕ್ಕದಲ್ಲಿ ನಿಂತಳು. ಬೇತಮಂಗಲದ ನೀರು ನಾಲ್ಕು ದಿನಕ್ಕೊಮ್ಮೆ ಬರುವುದು, ಬಂದರೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಚಾಂಪಿಯನ್ ರೀಫ್ಸಿನ ಆ ಗಣಿ ಲೈನಿನ ಸಾಲುಮನೆಗಳ ಹೆಂಗಸರು ಯಾರೂ ತಲೆಯೆತ್ತುವುದಿಲ್ಲ. ವನಿತಾ ಕೂಡ ಎತ್ತಲಿಲ್ಲ. ನೀರಿನ ದಪ್ಪ ಸದ್ದು ಸಣ್ಣಗಾಗುತ್ತಾ ಮೇಲೇರುವುದನ್ನು ಕೇಳುತ್ತಾ ಮಗಳ ಕಾಲುಗಳನ್ನಷ್ಟೇ ನೋಡಿದಳು. ಬಿಳಿ ಸಾಕ್ಸು, ಬಿಳಿ ಶೂ. ಶನಿವಾರ, ಬೆಳಗಿನ ಸ್ಕೂಲು. ಕರೆದು ಎಬ್ಬಿಸದೆ ತಾನೇ ತಯಾರಾಗಿದ್ದಾಳಲ್ಲ ಎಂದು ಒಂದು ಗಳಿಗೆ ಹಾಯೆನಿಸಿತು. ಆಮೇಲೆ ಆ ಶೂಗಳ ಪಕ್ಕದಲ್ಲೇ ತೂಗುತ್ತಿದ್ದ ಪ್ಲಾಸ್ಟಿಕ್ ಕವರು ಕಂಡಿತು. ಕವರಿನೊಳಗೆ ಚೌಕನೆಯದೊಂದು ಇತ್ತು.

"ಅಮ್ಮ, ಇವತ್ತು ಫೋಟೋ ತಕ್ಕೊಂಡು ಬರಕ್ಕೆ ಏಳವ್ರೆ ಶಶಿರೇಖ ಮೇಡಮ್ಮು. ನಿನ್ನೂ ಬರಕ್ಕೆ ಏಳವ್ರೆ, ಅತ್ತು ಗಂಟೇಗೆ."

"ಯಾವ ಫೋಟೋ?"

"ಈಜಿಪ್ಟುದು."

ನೀರು ಬಿಂದಿಗೆಯ ಬಾಯಿ ಮೀರಿ ಹರಿದು ವನಿತಾಳ ಪಾದ ತೋಯಿಸಿತು. ಹಿಂದೆ ನಿಂತಿದ್ದ ಮಂಗಮ್ಮ ತನ್ನ ಕೊಡವನ್ನು ಮುಂದಕ್ಕೆ ತಳ್ಳಿದಳು. "ಏಯ್ ವನಿತಾ, ಕೈ ತೆಗಿಯಮ್ಮೋ. ನಿಮಗೇನು, ನೈಲ್ ನದಿ ಐತೆ. ನಮಗೆ ಇದೊಂದೇ ನಲ್ಲಿ." ಒಬ್ಬಿಬ್ಬರು ನಕ್ಕರು. ನಗು ಎರಡು ಹೆಜ್ಜೆ ನಡೆದು ತಾನೇ ನಿಂತುಹೋಯಿತು. ಈ ಲೈನಿನಲ್ಲಿ ಈಜಿಪ್ಟಿನ ವಿಷಯ ಬಂದಾಗಲೆಲ್ಲ ನಗು ಹೀಗೇ ನಿಲ್ಲುತ್ತದೆ, ಯಾರೋ ಅದರ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ. ಯಾರೂ ಮುಂದಿನ ಮಾತು ಆಡುವುದಿಲ್ಲ. ಐದು ವರ್ಷದಿಂದ ಆಡಿಲ್ಲ. ಮಂಗಮ್ಮನಂಥ ಮಂಗಮ್ಮನೂ ಅಲ್ಲಿಗೆ ನಿಲ್ಲಿಸುತ್ತಾಳೆ. ಅದೇ ವನಿತಾಳಿಗೆ ಹೆಚ್ಚು ಚುಚ್ಚುತ್ತಿತ್ತು. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು. ಇವರು ಬಾಯಿ ಮುಚ್ಚಿಕೊಂಡು ತನ್ನ ಸುಳ್ಳನ್ನು ಕಾಯುತ್ತಾ ಬಂದಿದ್ದಾರೆ, ಬಾಣಂತಿ ಮನೆಯ ಬಾಗಿಲು ಕಾಯುವವರ ಹಾಗೆ.

"ಫೋಟೋ ಬ್ಯಾಡ ಕಣಮ್ಮ, ಬಣ್ಣ ಓಗ್ತದೆ. ಬಾಯಲ್ಲಿ ಏಳು ಸಾಕು," ಎಂದಳು. ಅಂಬಿಕ ಆಗಲೇ ತಿರುಗಿ ನಡೆದಿದ್ದಳು. ಕವರಿನ ಮೂಲೆ ಅವಳ ಮೊಣಕಾಲಿಗೆ ತಾಗುತ್ತಾ ಹೋಯಿತು.

ಆಲ್ಬಮ್ಮಿನಲ್ಲಿ ಆರು ಫೋಟೋ. ಒಂದರಲ್ಲಿ ಮೂರು ಪಿರಮಿಡ್ಡು, ಒಂದರಲ್ಲಿ ಮನುಷ್ಯನ ಮುಖ ಇರುವ ಕಲ್ಲಿನ ಸಿಂಹ, ಒಂದರಲ್ಲಿ ಆಕಾಶಕ್ಕೆ ಮುಟ್ಟುವ ಕಂಬಗಳ ಗುಡಿ. ಇನ್ನೊಂದರಲ್ಲಿ ಹಳೆಯ ಚರ್ಚು, ಮತ್ತೊಂದರಲ್ಲಿ ಎತ್ತರದ ಗೋಪುರವಿದ್ದ ಮಸೀದಿ, ಕೊನೆಯದರಲ್ಲಿ ನದಿ, ದೋಣಿ. ಆರರಲ್ಲೂ ಅವರು ನಾಲ್ಕು ಜನ. ಮುನೀಂದ್ರ ಕೂತಿದ್ದಾನೆ. ಅವನ ತೊಡೆಯ ಮೇಲೆ ಎರಡೂವರೆ ವರ್ಷದ ಅಂಬಿಕ. ಬಲಕ್ಕೆ ವನಿತಾ, ಎಡಕ್ಕೆ ಅತ್ತೆ ವೆಂಕಟರತ್ನಮ್ಮ. ಆರರಲ್ಲೂ ವನಿತಾಳದು ಅದೇ ಕಂದು ಸೀರೆ, ಅವನದು ಅದೇ ಬಿಳಿ ಅಂಗಿ, ಮಗುವಿನದು ಅದೇ ಹಳದಿ ಗೌನು. ಆದ್ದರಿಂದಲೇ ಅದು ಒಂದೇ ದಿನದ ಪ್ರವಾಸವಾಗಬೇಕಾಯಿತು. ಆರು ಜಾಗ, ಬೆಳಗಿನಿಂದ ಸಾಯಂಕಾಲದವರೆಗೆ, ಬಟ್ಟೆ ಬದಲಾಯಿಸಲು ಹೊತ್ತಿಲ್ಲದ ಹಾಗೆ ಓಡಾಡಿದ ದಿನ.

ನಿಜವೆಂದರೆ ಅವರು ಎಲ್ಲಿಗೂ ಹೋಗಿರಲಿಲ್ಲ. ಮುನೀಂದ್ರ ಬೆಂಗಳೂರಿನಲ್ಲಿ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವನು. ಬೆಳಗಿನ ಜಾವದ ಟ್ರೈನಿಗೆ ಹೋಗಿ ರಾತ್ರಿಯ ಟ್ರೈನಿಗೆ ಬರುವವನು. ರೆಪ್ಪೆಯ ಕೂದಲಿನ ಮೇಲೂ ಕಲ್ಲಿನ ಪುಡಿ. "ನಾನು ಉಜ್ಜಿದ ಕಲ್ಲು ಅಡಗು ಅತ್ತಿ ಫಾರಿನ್ನಿಗೆ ಓಗ್ತದೆ ಕಣೇ. ಉಜ್ಜಿದೋನು ಬಂಗಾರಪೇಟೇಲಿ ಟ್ರೈನಿಗೆ ಕಾಯ್ತಾನೆ," ಎಂದು ನಗುತ್ತಿದ್ದ. ಎಣ್ಣೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ವರ್ಷ ಪಿರಮಿಡ್ಡಿನ ಚಿತ್ರವಿತ್ತು. ಊಟಕ್ಕೆ ಕೂತಾಗಲೆಲ್ಲ ಅದನ್ನೇ ನೋಡುತ್ತಿದ್ದ. "ಅಷ್ಟೊಂದು ಕಲ್ಲು. ಒಂದಕ್ಕೂ ಪಾಲಿಶ್ ಇಲ್ಲ ನೋಡು. ಒಂದಿನ ಓಗಿ ಅವ್ರಿಗೆ ಏಳ್ಬೇಕು, ಒಂದು ಕಡೆ ಆದ್ರೂ ಮಾಡಿಸ್ಕಳಿ, ಮಿಕ್ಕಿದ್ದು ನಿಮ್ಮಿಷ್ಟ ಅಂತ." ವನಿತಾ ಸಾರು ಬಡಿಸುತ್ತಾ, "ಮೊದ್ಲು ನಮ್ಮನ್ನ ತಿರುಪತಿ ತೋರ್ಸಿ," ಎನ್ನುತ್ತಿದ್ದಳು. ಮಾತು ಮಾತಿನಂತೆಯೇ ಇತ್ತು, ಅದರಲ್ಲಿ ವಿಷವಿರಲಿಲ್ಲ. ಆದರೆ ಆಡಿದವನು ಹೋದ ಮೇಲೆ ಮಾತುಗಳು ಹುಳಿಯುತ್ತವೆ. ಈಗ ನೆನೆದರೆ ಆ 'ಮೊದಲು' ಎಂಬುದು ಅವಳ ನಾಲಿಗೆಯ ಮೇಲೆ ಕಲ್ಲಿನ ಪುಡಿಯ ಹಾಗೆ ಕರಕರ ಎನ್ನುತ್ತದೆ.

ನೀರು ಒಳಗೆ ತಂದಿಟ್ಟಳು. ಅತ್ತೆ ಮೂಲೆಯಲ್ಲಿ ಕೂತು ಹೊದಿಕೆ ಮಡಚುತ್ತಿದ್ದಳು. "ಅತ್ತೆ, ಆಲ್ಬಮ್ ಅಟ್ಟದ ಮ್ಯಾಲಿತ್ತಲ್ಲ, ಯಾರು ತೆಕ್ಕೊಟ್ರು?" ಮುದುಕಿ ಮಡಿಕೆಯ ಮೇಲೆ ಮಡಿಕೆ ಹಾಕುತ್ತಲೇ, "ನಾನೇ ಕೊಟ್ಟೆ. ಸ್ಕೂಲಾಗೆ ತೋರಿಸ್ತಾಳಂತೆ, ತೋರಿಸ್ಲಿ ಬಿಡು. ನನ್ ಮಗ ಎಲ್ಲೂ ಓಗಿಲ್ಲ ಅಂತ ಯಾಕೆ ಅನ್ನಿಸ್ಕೋಬೇಕು?" ಎಂದಳು. ವನಿತಾ ಅವಳ ಮುಖ ನೋಡಿದಳು. ಅದರಲ್ಲಿ ಆಡಿದ ಸುಳ್ಳಿನ ಗುರುತೇ ಇರಲಿಲ್ಲ. ಈ ನಡುವೆ ಆಕೆ ಯಾರ ಜೊತೆ ಮಾತಾಡುವಾಗಲೂ 'ನಾವು ಈಜಿಪ್ಟಿಗೆ ಓಗಿದ್ದಾಗ' ಎಂದುಬಿಡುತ್ತಾಳೆ, ಮಗು ಎದುರಿಗೆ ಇಲ್ಲದಾಗಲೂ. ಅಲ್ಲಿಯ ಬಿಸಿಲು, ಅಲ್ಲಿಯ ಒಂಟೆ. ಒಂಟೆಯ ಮೇಲೆ ಕೂತದ್ದಕ್ಕೆ ಸೊಂಟ ಇವತ್ತಿಗೂ ಹಿಡಿಯುತ್ತದಂತೆ. ಮೊದಮೊದಲು ವನಿತಾ ಇದನ್ನು ಮಗುವಿಗಾಗಿ ಆಡುವ ಆಟವೆಂದುಕೊಂಡಿದ್ದಳು. ಈಗ ಅತ್ತೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡುವಾಗ ಅದು ಆಟವೆನ್ನಿಸುವುದಿಲ್ಲ. ಈ ಮನೆಯಲ್ಲಿ ಹೋಗದೆ ಉಳಿದವಳು ತಾನೊಬ್ಬಳೇ ಏನೋ.

ಆಂಡರ್ಸನ್‌ಪೇಟೆಯ ಸ್ಕೂಲಿಗೆ ನಡೆದೇ ಹೊರಟಳು. ಫಾಲ್ಸ್ ಹಚ್ಚಲು ಬಂದಿದ್ದ ನಾಲ್ಕು ಸೀರೆ ಹಾಗೇ ಉಳಿದವು. ದಾರಿಯುದ್ದಕ್ಕೂ ಎಡಗಡೆ ಸೈನೈಡ್ ದಿಬ್ಬ. ಗಣಿಯೊಳಗಿಂದ ತಂದು, ಅರೆದು, ಚಿನ್ನ ಸೋಸಿಕೊಂಡು ಎಸೆದ ಮಣ್ಣು. ತಾತನ ಕಾಲದಿಂದ ಬಿದ್ದು ಬಿದ್ದು ಬೆಟ್ಟವಾಗಿದೆ. ಅದರ ಮೇಲೆ ಹುಲ್ಲು ಹುಟ್ಟುವುದು ಅಷ್ಟಕ್ಕಷ್ಟೇ. ಗಾಳಿ ಎದ್ದರೆ ಬೂದು ಪುಡಿ ಎದ್ದು ಲೈನಿನ ಮನೆಗಳ ಅನ್ನದ ತಟ್ಟೆಯವರೆಗೂ ಬರುತ್ತದೆ. ಇವತ್ತು ಗಾಳಿಯಿರಲಿಲ್ಲ. ದಿಬ್ಬ ಯಾರೋ ಹೊದ್ದು ಮಲಗಿದಂತೆ ಮಲಗಿತ್ತು. ಫೋಟೋ ಸ್ಟುಡಿಯೋದ ಸುಧಾಕರ್ ಆ ಆಲ್ಬಮ್ ಮಾಡುವಾಗ ಕಂಪ್ಯೂಟರಿನ ಮುಂದೆ ಕೂತು ಹೇಳಿದ್ದು ನೆನಪಾಯಿತು. "ಪಿರಮಿಡ್ಡು ಸಿಗ್ತದೆ ಅಕ್ಕ, ಕಾಲ್ಕೆಳಗೆ ಮರಳು ಬೇಕಲ್ಲ. ನಮ್ಮ ಸೈನೈಡ್ ದಿಬ್ಬಾನೇ ಫೋಟೋ ಒಡ್ದು ಆಕಿದೀನಿ. ಯಾವ ಈಜಿಪ್ಟಿನೋನೂ ಕಂಡುಹಿಡಿಯಕ್ಕಾಗಲ್ಲ."

ಅವಳು ಸುಧಾಕರನ ಹತ್ತಿರ ಹೋದದ್ದು ಅದಕ್ಕಲ್ಲ. ಮುನೀಂದ್ರ ಸತ್ತು ಮೂರು ತಿಂಗಳಾಗಿತ್ತು. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು, ಅಷ್ಟೆ. ನಾಲ್ಕೂ ಜನ ಒಟ್ಟಿಗಿದ್ದ ಫೋಟೋ ಅವರಲ್ಲಿದ್ದದ್ದು ಒಂದೇ ಒಂದು. ಅದು ತೆಗೆದದ್ದು ಅವನನ್ನು ಎತ್ತುವ ದಿನ. ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಮನೆಯ ಮುಂದೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಹಣೆಗೆ ಕಾಸು ಅಂಟಿಸುತ್ತಾರೆ, ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ. ಎತ್ತುವ ಮುಂಚೆ ಮನೆಯವರು ಸುತ್ತ ನಿಂತು ಕಡೆಯ ಫೋಟೋ ತೆಗೆಸುತ್ತಾರೆ. ಮುನೀಂದ್ರನನ್ನು ಕೂರಿಸುವುದು ಕಷ್ಟವಾಗಲಿಲ್ಲ. ಅವನು ಕೂತೇ ಸತ್ತಿದ್ದ. ರಾತ್ರಿಯ ಟ್ರೈನಿನಲ್ಲಿ, ಕಿಟಕಿಯ ಪಕ್ಕ, ಬಂಗಾರಪೇಟೆಗೆ ಮುಂಚೆಯೋ ಆಮೇಲೆಯೋ ಯಾರಿಗೂ ಗೊತ್ತಾಗಲಿಲ್ಲ. ಜೊತೆಯವರು ನಿದ್ದೆಯೆಂದುಕೊಂಡು ಅವರವರ ಸ್ಟೇಷನ್ನಿನಲ್ಲಿ ಇಳಿದುಹೋದರು. ಚಾಂಪಿಯನ್ನಿನಲ್ಲಿ ಇಳಿಯಬೇಕಾದವನು ಇಳಿಯದೆ ಮಾರಿಕುಪ್ಪಂವರೆಗೆ ಹೋದ. ಟ್ರೈನು ಖಾಲಿಯಾಗಿ, ಗುಡಿಸುವವರು ಬಂದು ತಟ್ಟಿದಾಗ ತಿಳಿಯಿತು. ಆ ಕಡೆಯ ಒಂದು ಸ್ಟೇಷನ್ನು ವನಿತಾಳನ್ನು ಇವತ್ತಿಗೂ ಬಿಡುವುದಿಲ್ಲ. ಮನೆ ದಾಟಿ ಹೋಗುತ್ತಿರುವಾಗ, ದೀಪ ಹಚ್ಚಿದ ಲೈನು ಕಿಟಕಿಯಲ್ಲಿ ಹಿಂದೆ ಸರಿಯುತ್ತಿರುವಾಗ, ಅವನು ಹಾಗೇ ಕೂತಿದ್ದನಲ್ಲ.

ಆ ಫೋಟೋದಿಂದಲೇ ಸುಧಾಕರ್ ಎಲ್ಲರನ್ನೂ ಕತ್ತರಿಸಿ ತೆಗೆದ. ಹಣೆಯ ಕಾಸನ್ನು ಕುಂಕುಮ ಮಾಡಿದ, ಗದ್ದದ ಬಟ್ಟೆ ಅಳಿಸಿದ, ಹಾರ ತೆಗೆದ, ಬರಿಗಾಲಿಗೆ ಶೂ ತೊಡಿಸಿದ. ಕಣ್ಣು ಮುಚ್ಚಿದ್ದವಲ್ಲ, ವೋಟರ್ ಕಾರ್ಡಿನಿಂದ ಕಣ್ಣು ತಂದು ಕೂರಿಸಿದ. ಇಪ್ಪತ್ತೆರಡು ವರ್ಷದ ಹುಡುಗನ ಕಣ್ಣು, ನೆಟ್ಟಗೆ ಎದುರಿಗೆ ನೋಡುವ ಕಣ್ಣು. ತಲೆ ಒಂದು ಕಡೆಗೆ ವಾಲಿದ್ದರೂ ಅವು ಮಾತ್ರ ವಾಲಲಿಲ್ಲ. ವನಿತಾಳ ಊದಿದ ಕಣ್ಣಿಗೆ ಬಿಸಿಲಿನ ನೆಪ ಸಿಕ್ಕಿತು. "ಗೋಡೇಗೆ ಒಂದು ಮಾಡ್ಕೊಡ್ತೀನಿ. ಜೊತೆಗೆ ಇದೊಂದು ಫಾರಿನ್ ಟೂರ್ ಸೆಟ್ಟು, ಆರು ಪೀಸು, ನನ್ನ ಕಡೆಯಿಂದ ಇರ್ಲಿ ಅಕ್ಕ. ಅಣ್ಣ ಯಾವಾಗ್ಲೂ ಪಿರಮಿಡ್ಡು ಪಿರಮಿಡ್ಡು ಅಂತಿದ್ನಲ್ಲ." ಅವಳು ಬೇಡವೆನ್ನಬೇಕಿತ್ತು. ಕಂಪ್ಯೂಟರಿನ ಬೆಳಕಿನಲ್ಲಿ ಮುನೀಂದ್ರ ಕಲ್ಲಿನ ಗುಡ್ಡದ ಮುಂದೆ ಶೂ ಹಾಕಿಕೊಂಡು ಕೂತು ಅವಳನ್ನೇ ನೋಡುತ್ತಿದ್ದ.

ಸ್ಕೂಲಿನಲ್ಲಿ ನಾಲ್ಕನೆಯ ಕ್ಲಾಸಿನ ಮಕ್ಕಳು ನೆಲದ ಮೇಲೆ, ತಾಯಂದಿರು ಹಿಂದಿನ ಬೆಂಚಿನ ಮೇಲೆ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ನಾನು ಕಂಡ ಹಳೆಯ ಸ್ಥಳ' ಎಂದು ಬರೆದಿತ್ತು. ಒಬ್ಬ ಹುಡುಗ ಕಮ್ಮಸಂದ್ರದ ಕೋಟಿಲಿಂಗಗಳಲ್ಲಿ ನೂರಾ ಹನ್ನೆರಡನ್ನು ಎಣಿಸಿದ್ದಾಗಿ ಹೇಳಿ ಕೂತ. ಒಬ್ಬಳು ಕೋಲಾರಮ್ಮನ ಗುಡಿಯ ಚೇಳಮ್ಮನ ಬಗ್ಗೆ ಹೇಳುತ್ತಾ ನಡುವೆ ಮರೆತು ಅತ್ತಳು. ಶಶಿರೇಖ ಮೇಡಮ್ ಅವಳ ತಲೆ ಸವರಿ, "ಈಗ ನೋಡಿ, ನಮ್ಮ ಸ್ಕೂಲಿನಲ್ಲಿ ಫಾರಿನ್ನಿಗೆ ಹೋಗಿ ಬಂದಿರೋಳು ಒಬ್ಬಳೇ," ಎಂದರು. ಬೆಂಚಿನಲ್ಲಿದ್ದ ತಾಯಂದಿರೆಲ್ಲ ವನಿತಾಳ ಕಡೆ ತಿರುಗಿದರು. ಒಬ್ಬಾಕೆ ಸರಿದು ಜಾಗ ಕೊಟ್ಟಳು. ಆ ಸರಿಯುವಿಕೆಯಲ್ಲಿದ್ದ ಮರ್ಯಾದೆಗೆ ವನಿತಾಳ ಕಿವಿ ಬಿಸಿಯಾಯಿತು. ಅವಳ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಹಾಕಿತ್ತು. ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು.

ಅಂಬಿಕ ಮೊದಲ ಫೋಟೋ ಎತ್ತಿ ಹಿಡಿದಳು. ಸ್ಕೂಲಿನಲ್ಲಿ ಅವಳು 'ಹ'ಕಾರವನ್ನು ಒತ್ತಿ ಒತ್ತಿ ಹೇಳುತ್ತಾಳೆ. "ನಾವು ಹೋಗಿದ್ದು ಈಜಿಪ್ಟ್ ದೇಶಕ್ಕೆ. ಒಂದೇ ದಿನದಲ್ಲಿ ಆರು ಸ್ಥಳ ನೋಡಿದೆವು. ಇದು ಪಿರಮಿಡ್ಡು. ರಾಜರು ಸತ್ತರೆ ಇದರೊಳಗೆ ಇಡುತ್ತಾರೆ." ಕಲ್ಲಿನ ಸಿಂಹ, ಕಂಬದ ಗುಡಿ. ಒಂಟೆ ಉಗಿಯುತ್ತದೆ, ಅಜ್ಜಿಯ ಸೆರಗಿಗೆ ಉಗಿಯಿತು. ದೋಣಿಯಲ್ಲಿ ಕಬ್ಬಿನ ಹಾಲು ಕುಡಿದೆವು. ಮಕ್ಕಳು ನಕ್ಕರು. ವನಿತಾ ಉಸಿರು ಬಿಟ್ಟಳು. ಇವೆಲ್ಲ ಅವಳಿಗೆ ಗೊತ್ತಿದ್ದವು. ಮಗು ನಾಲ್ಕು ವರ್ಷದವಳಿದ್ದಾಗ ಆಲ್ಬಮ್ಮು ಕೈಗೆ ಸಿಕ್ಕಿ, "ಇದೆಲ್ಲಿ? ನಾವು ಓಗಿದ್ವಾ?" ಎಂದು ಕೇಳಿದ್ದಳು. ವನಿತಾ ಮಾತು ಹುಡುಕುವಷ್ಟರಲ್ಲಿ ಮೂಲೆಯಿಂದ ಅತ್ತೆ, "ಓಗಿದ್ವಿ ಕಣಮ್ಮ, ನಿಮ್ಮಪ್ಪ ಕರ್ಕೊಂಡೋಗಿದ್ದ. ಬಂದ್ಮೇಲೆ ದೇವ್ರ ಅತ್ರ ಓದ," ಎಂದುಬಿಟ್ಟಿದ್ದಳು. ಅಲ್ಲಿಂದ ಮುಂದೆ ಎಷ್ಟೋ ಸಂಜೆ ಮುದ್ದೆ ಮುರಿದು ಬಾಯಿಗಿಡುತ್ತಾ ಒಂದೊಂದೇ ತುತ್ತಿಗೆ ಒಂದೊಂದು ಕಟ್ಟಿದ್ದರು. ಒಂಟೆಯ ಉಗುಳು ಅತ್ತೆಯದು, ಕಬ್ಬಿನ ಹಾಲು ವನಿತಾಳದು.

"ನಿಮ್ಮಪ್ಪನ ಭುಜದ ಮೇಲೆ ಯಾರದೇ ಅದು ಬೆರಳು?" ಮುಂದಿನ ಸಾಲಿನ ಹುಡುಗ ಕೇಳಿದ.

ಚರ್ಚಿನ ಫೋಟೋ ಅದು. ಮುನೀಂದ್ರನ ಅಣ್ಣ ಮುನಿಶಾಮಿ ಅಂದು ಕುರ್ಚಿಯ ಹಿಂದೆ ಬಗ್ಗಿ ಕೂತು, ದೇಹ ವಾಲದ ಹಾಗೆ ಭುಜ ಹಿಡಿದುಕೊಂಡಿದ್ದ. ಐದು ಫೋಟೋದಲ್ಲಿ ಅಳಿಸಿದ ಸುಧಾಕರ್ ಇದೊಂದರಲ್ಲಿ ಮರೆತಿದ್ದ. ನಾಲ್ಕು ಬೆರಳು, ಯಾರವೂ ಅಲ್ಲದ ಬೆರಳು.

"ಅದು ಗೈಡು," ಎಂದಳು ಅಂಬಿಕ. "ಅವರು ಯಾವಾಗಲೂ ಅಪ್ಪನ ಹಿಂದೆನೇ ಇದ್ದರು. ಮುಖ ತೋರಿಸಲಿಲ್ಲ." ಆಮೇಲೆ ಫೋಟೋ ಕೆಳಗಿಳಿಸಿ, ಬೆಂಚುಗಳಾಚೆಯ ಬಾಗಿಲಿನ ಬೆಳಕನ್ನು ನೋಡುತ್ತಾ, ಓದಿ ಕಲಿತದ್ದಲ್ಲದ ದನಿಯಲ್ಲಿ ಹೇಳತೊಡಗಿದಳು. "ಬೆಳಿಗ್ಗೆ ಅಪ್ಪಂಗೆ ಎಲ್ಲಾರೂ ಸೇರಿ ಸ್ನಾನ ಮಾಡಿಸಿದ್ರು. ಬೀದೀಲೇ."

ಮಕ್ಕಳು ಗೊಳ್ಳೆಂದರು. ಮೇಡಮ್ ಕೂಡ ನಕ್ಕು, "ಅಲ್ಲಿ ಸೆಕೆ ಜಾಸ್ತಿ ಅಲ್ವಾ, ಅದಕ್ಕೆ," ಎಂದರು.

"ಊಂ. ಊದುಬತ್ತಿ ತುಂಬಾ ಅಚ್ಚಿದ್ರು, ನಂಗೆ ಕೆಮ್ಮು ಬಂತು. ತಮಟೆ ಒಡೀತಿದ್ರು. ಎಲ್ಲಾರೂ ಅಳ್ತಿದ್ರು. ಫಾರಿನ್ನಿಗೆ ಬಂದಿದೀವಿ ಅಂತ ಕುಶೀಗೆ. ನನ್ನ ಅಪ್ಪನ ತೊಡೆ ಮೇಲೆ ಕೂರಿಸಿದ್ರು. ಅಪ್ಪನ ಕೈ ತಣ್ಣಗಿತ್ತು. ಎಸಿ ಬಸ್ಸಲ್ಲಿ ಬಂದಿದ್ವಿ ಅನ್ಸುತ್ತೆ."

ವನಿತಾ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಇದನ್ನು ಯಾರು ಹೇಳಿದರು ಇವಳಿಗೆ? ತಾನು ಹೇಳಿಲ್ಲ. ಅತ್ತೆ ಹೇಳಿರಲಾರಳು, ಆಕೆಗೆ ಒಂಟೆಯ ಹೊರತು ಆ ದಿನದ್ದು ಯಾವುದೂ ಉಳಿದಿಲ್ಲ. ಲೈನಿನವರು ಹೇಳಿದ್ದರೆ ಈ ಮಾತಿನಲ್ಲಿ ಸಾವು ಎಂಬ ಪದ ಇರುತ್ತಿತ್ತು. ಅದಿಲ್ಲ. ಇದು ಎರಡೂವರೆ ವರ್ಷದ ಮಗು ತೊಡೆಯ ಮೇಲೆ ಕೂತು ತಾನೇ ನೋಡಿದ್ದು. ಕೂತಲ್ಲಿಂದ ಎಷ್ಟು ಕಂಡಿತೋ ಅಷ್ಟು. ಆರೂವರೆ ವರ್ಷ ಒಳಗೇ ಇದ್ದು, ಇರಲು ಬೇರೆ ಜಾಗವಿಲ್ಲದೆ ಈಜಿಪ್ಟಿನೊಳಗೆ ಹೋಗಿ ಸೇರಿಕೊಂಡದ್ದು.

"ಆಮೇಲೆ ಅಪ್ಪನ್ನ ಊವಿನ ಗಾಡೀಲಿ ಕೂರಿಸ್ಕೊಂಡು ಓದ್ರು. ದಾರೀಲೆಲ್ಲಾ ಪುರಿ ಎರಚಿದ್ರು, ಚಿಲ್ಲರೆ ಕಾಸು ಎರಚಿದ್ರು. ನಾನು ಆರಿಸ್ಕೊಳ್ಳಕ್ಕೋದೆ, ಅಜ್ಜಿ ಕೈ ಮೇಲೆ ಒಡೆದ್ರು."

ಮಕ್ಕಳ ನಗು ಎಲ್ಲೋ ನಿಂತುಹೋಗಿತ್ತು. ಅಡುಗೆಯ ಅಶ್ವತ್ಥಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜಾಗ ಕೊಟ್ಟಿದ್ದ ಹೆಂಗಸು ಮೆಲ್ಲಗೆ ಇನ್ನೂ ಒಂದು ಗೇಣು ಸರಿದಳು. ಈ ಸಲ ಮರ್ಯಾದೆಗಲ್ಲ. ಶಶಿರೇಖ ಮೇಡಮ್ ಮುಳಬಾಗಿಲಿನ ಕಡೆಯವರು, ಅವರಿಗೂ ಪುರಿ ಎರಚುವುದು ಯಾವಾಗೆಂದು ಗೊತ್ತು. ಅವರ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತ ಹಾಗೆ.

"ಸಾಯಂಕಾಲ ಅಪ್ಪ ಪಿರಮಿಡ್ಡಿನ ಒಳಗೋದ್ರು. ಗೈಡೂ ಓದ್ರು. ಎಂಗಸ್ರು ಬರಬಾರದು ಅಂತ ಅಜ್ಜಿ ಏಳಿದ್ರು. ನಾವು ವಾಪಸ್ ಬಂದ್ವಿ." ಅಂಬಿಕ ಕೈ ಮುಗಿದಳು. "ಧನ್ಯವಾದಗಳು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಒಂದು ಆಟೋ ಹಾದುಹೋಯಿತು. ಮುಂದಿನ ಸಾಲಿನ ಅದೇ ಹುಡುಗ, ಅವನಿಗೆ ಮಾತ್ರ ಏನೂ ಆಗಿರಲಿಲ್ಲ, ಕೈ ಎತ್ತಿ ಕೇಳಿದ: "ಮತ್ತೆ ನಿಮ್ಮಪ್ಪ ಯಾವಾಗ ಆಚೆ ಬಂದ್ರು?"

ಅಂಬಿಕ ಬಾಯಿ ತೆರೆದಳು. ಉತ್ತರ ಅಲ್ಲೇ ಇದೆ, ನಾಲಿಗೆ ಚಾಚಿದರೆ ಸಿಗುತ್ತದೆ ಎನ್ನುವ ಹಾಗೆ ಒಂದು ಕ್ಷಣ ನಿಂತಳು. ಆಮೇಲೆ ಅಷ್ಟು ಜನರ ತಲೆಯ ಮೇಲಿಂದ ತಾಯಿಯ ಕಡೆ ನೋಡಿದಳು. ವನಿತಾ ಆ ನೋಟವನ್ನು ಎದುರಿಸಲಾರದೆ ತನ್ನ ಚಪ್ಪಲಿಯ ಪಿನ್ನನ್ನು ನೋಡಿದಳು. ಆ ಒಂದು ತಪ್ಪಿಸಿಕೊಳ್ಳುವಿಕೆಯಲ್ಲಿ ಎಲ್ಲ ಹೇಳಿಬಿಟ್ಟೆನೆಂದು ಅವಳಿಗೆ ಆಗಲೇ ಗೊತ್ತಾಯಿತು.

ಮೇಡಮ್ ಎಲ್ಲರಿಂದ ಚಪ್ಪಾಳೆ ತಟ್ಟಿಸಿ ಮಕ್ಕಳನ್ನು ಹೊರಗೆ ಬಿಟ್ಟರು. ವನಿತಾಳನ್ನು ಕಿಟಕಿಯ ಹತ್ತಿರ ಕರೆದು ದನಿ ತಗ್ಗಿಸಿದರು. "ನಂಗೆ ಗೊತ್ತಿರ್ಲಿಲ್ಲಮ್ಮ. ಗೊತ್ತಿದ್ರೆ ಅವಳನ್ನ ಎಲ್ಲರ ಮುಂದೆ ನಿಲ್ಲಿಸ್ತಿರ್ಲಿಲ್ಲ."

"ನಿಮ್ ತಪ್ಪೇನೈತೆ ಮೇಡಮ್."

"ಅವಳಿಗೆ ಹೇಳಿಲ್ವಾ?"

"ಅಪ್ಪ ಇಲ್ಲ ಅಂತ ಗೊತ್ತು." ವನಿತಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಯಾವಾಗ ಇಲ್ಲ ಅಂತ ಗೊತ್ತಿಲ್ಲ."

"ನೀವೇ ಹೇಳಿ. ಬೇರೆಯೋರ ಬಾಯಿಂದ ಬೇಡ," ಎಂದಷ್ಟೇ ಹೇಳಿ ಮೇಡಮ್ ರಿಜಿಸ್ಟರು ತೆಗೆದುಕೊಂಡು ಹೋದರು.

ತಾಯಿ ಮಗಳು ಅದೇ ದಾರಿಯಲ್ಲಿ ವಾಪಸು ಹೊರಟರು. ಬಿಸಿಲು ನೆತ್ತಿಗೆ ಬರುತ್ತಿತ್ತು. ಅಂಬಿಕ ಆಲ್ಬಮ್ಮನ್ನು ಕವರಿಗೆ ಹಾಕಿರಲಿಲ್ಲ, ಎದೆಗೆ ಅವಚಿಕೊಂಡಿದ್ದಳು. ಎಂದೂ ಇಲ್ಲದೆ ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಹೇಳಬೇಕು, ಈಗಲೇ, ಆ ಬೇವಿನ ಮರ ಬರುವಷ್ಟರಲ್ಲಿ ಎಂದುಕೊಂಡಳು ವನಿತಾ. ಬೇವಿನ ಮರ ಬಂತು, ಹೋಯಿತು. ಟೀ ಅಂಗಡಿ ದಾಟಿದ ಮೇಲೆ ಎಂದುಕೊಂಡಳು. ಎಲ್ಲಿಂದ ಶುರು ಮಾಡುವುದು? ಈಜಿಪ್ಟು ಸುಳ್ಳು ಎಂದರೆ ಒಂಟೆ ಹೋಗುತ್ತದೆ, ಕಬ್ಬಿನ ಹಾಲು ಹೋಗುತ್ತದೆ, ಅಪ್ಪ ಶೂ ಹಾಕಿಕೊಂಡು ಕೂತ ಒಂದು ದಿನ ಹೋಗುತ್ತದೆ. ಹೋಗಲಿ. ಆದರೆ ಅವಳು ಈಗಷ್ಟೇ ಹೇಳಿದ ಸ್ನಾನ, ತಮಟೆ, ತಣ್ಣನೆಯ ಕೈ, ಅದು ಹೋಗುವುದಿಲ್ಲ. ಅದು ನಿಜ. ಇಷ್ಟು ದಿನ ಅದರ ಸುತ್ತ ಮರಳು ಹಾಕಿ ಮುಚ್ಚಿದ್ದೆ. ಮರಳು ತೆಗೆದರೆ ಅಲ್ಲಿ ಕೂತಿರುವುದು ಯಾರು?

"ಅಮ್ಮ, ನಿಲ್ಲು."

ಅಂಬಿಕ ರಸ್ತೆ ಬಿಟ್ಟು ದಿಬ್ಬದ ಬುಡಕ್ಕೆ ಹೋಗಿದ್ದಳು. ಅಲ್ಲಿಗೆ ಹೋಗಬಾರದೆಂದು ಹುಟ್ಟಿದಾಗಿನಿಂದ ಹೇಳುತ್ತಾ ಬಂದಿದ್ದಾರೆ, ಕಣ್ಣು ಉರಿಯುತ್ತದೆ, ಕೆಮ್ಮು ಹಿಡಿಯುತ್ತದೆ. ಬಿಳಿ ಶೂ ಬೂದಿಯಲ್ಲಿ ಊರಿ ನಿಂತು, ಆಲ್ಬಮ್ಮು ಬಿಡಿಸಿ, ಪಿರಮಿಡ್ಡಿನ ಫೋಟೋವನ್ನು ಕಾಲ ಪಕ್ಕಕ್ಕೆ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಿದ್ದಳು. ಮಳೆನೀರು ಕೊರೆದ ಸಣ್ಣ ಸಣ್ಣ ಗೀರುಗಳು ಫೋಟೋದಲ್ಲೂ ಇದ್ದವು, ನೆಲದ ಮೇಲೂ ಇದ್ದವು. ದಿಬ್ಬ ಸದ್ದಿಲ್ಲದೆ ಎದ್ದು ಅವರಿಬ್ಬರ ಮೇಲೆ ಬಗ್ಗಿ ತಾನೂ ನೋಡುತ್ತಿದೆ ಎನ್ನಿಸಿತು ವನಿತಾಳಿಗೆ. ಅಂಬಿಕ ಮುಖವೆತ್ತಲಿಲ್ಲ. ಆಶ್ಚರ್ಯಪಡಲಿಲ್ಲ, ಅಳಲಿಲ್ಲ. ಕಳೆದುಹೋದ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡುವವಳಂತೆ ಹಾಳೆ ತಿರುಗಿಸಿದಳು. ಸಿಂಹದ ಮುಂದೆ, ಕಂಬದ ಗುಡಿಯ ಮುಂದೆ, ಚರ್ಚಿನಲ್ಲಿ, ಮಸೀದಿಯ ಮುಂದೆ, ದೋಣಿಯಲ್ಲಿ.

"ಅಪ್ಪ ಎಲ್ಲೂ ಎದ್ದು ನಿಂತೇ ಇಲ್ಲ," ಎಂದಳು.

ವನಿತಾ ಹತ್ತಿರ ಹೋದಳು. ಅವಳ ಕಾಲೂ ಬೂದಿಯಲ್ಲಿ ಇಳಿಯಿತು. ಆ ದಿನ ಸುಧಾಕರ್ ಕ್ಯಾಮೆರಾ ಕಣ್ಣಿಗಿಟ್ಟು, "ಮಗೂನ ತೊಡೆ ಮೇಲೆ ಕೂರ್ಸಕ್ಕ, ಕಡೇ ಫೋಟೋ, ದೊಡ್ಡೋಳಾದ್ಮೇಲೆ ನೋಡ್ಕೊತಾಳೆ," ಎಂದಿದ್ದ. ಯಾರೋ ಮುದುಕರು, "ಬ್ಯಾಡಮ್ಮ, ಚಿಕ್ಕಮಗು, ಸೋಕ್ತದೆ," ಎಂದರು. ಅತ್ತೆ ಕೂಡ, "ಬ್ಯಾಡ ಕಣೇ," ಎಂದು ಅಂಗಲಾಚಿದಳು. ಕೇಳದವಳು ವನಿತಾ ಒಬ್ಬಳೇ. ಇನ್ನು ಎಂದೂ ಕೂರಿಸಲಾಗುವುದಿಲ್ಲವಲ್ಲ, ಒಂದು ಸಲ, ಒಂದೇ ಒಂದು ಸಲ ಎಂದು ಮಗುವನ್ನು ಎತ್ತಿ ಆ ಗಟ್ಟಿ ತೊಡೆಯ ಮೇಲೆ ಇಟ್ಟಿದ್ದಳು. ಅಷ್ಟು ಹೊತ್ತು ಅಳುತ್ತಿದ್ದ ಮಗು ತಟ್ಟನೆ ಸುಮ್ಮನಾಯಿತು. ರಾತ್ರಿ ಟ್ರೈನಿನಿಂದ ಬಂದವನ ತೊಡೆಯೇರಿ ಕೂರುವ ಹಾಗೆ ಸರಿಯಾಗಿ ಒರಗಿ ಕೂತು, ಮೇಲೆ ಮುಖ ನೋಡಿ, ಅವನ ಬೆರಳೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಫೋಟೋ ಮುಗಿದ ಮೇಲೆ ಎತ್ತಿಕೊಳ್ಳಲು ಹೋದರೆ ಮುಷ್ಟಿ ಬಿಡಲಿಲ್ಲ. ಇಬ್ಬರು ಸೇರಿ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಆಗ ಮಗು ಅವಳ ಮುಖವನ್ನು ನೋಡಿದ ನೋಟವನ್ನು ವನಿತಾ ಯಾರಿಗೂ ಹೇಳಿಲ್ಲ. ಏನೋ ಕೇಳುವಂತಿತ್ತು, ಅದನ್ನು ಕೇಳುವಷ್ಟು ಮಾತಿನ್ನೂ ಬಂದಿರಲಿಲ್ಲ.

ಈಗ ಮಗಳು ಅದೇ ಮುಖವನ್ನು ಎತ್ತಿದಳು. ಆಲ್ಬಮ್ಮನ್ನು ಮುಚ್ಚಿ ಎರಡೂ ಕೈಯಲ್ಲಿ ಹಿಡಿದಿದ್ದಳು. ಗಾಳಿ ಸಣ್ಣಗೆ ಎದ್ದು ಬೂದಿ ಅವರ ಮೊಣಕಾಲಿನವರೆಗೆ ಏಳುತ್ತಿತ್ತು. ವನಿತಾ, "ಮನೇಗೆ ಓಗೋಣ ಬಾ ಕಂದಾ, ಅಜ್ಜಿ ಕಾಯ್ತಿ..." ಎಂದು ಕೈ ಚಾಚಿದಳು.

"ಅಮ್ಮ," ಎಂದಳು ಅಂಬಿಕ. "ನೀನು ನನ್ನ ತೊಡೆ ಮೇಲೆ ಕೂರಿಸ್ದಾಗ ಅಪ್ಪ ಸತ್ತೋಗಿದ್ನಾ?"